ಪ್ರಯಾರಿಟಿ 80 ಕೊಟ್ಟರೂ ನನ್ನ ಥ್ರೆಡ್ ಯಾಕೆ ಕಾಯುತ್ತದೆ?

ತೀರ್ಥಹಳ್ಳಿಯಿಂದ, ಪ್ರಶ್ನೆ

ನಮ್ಮದು ಆಗುಂಬೆ ರಸ್ತೆ ಕಡೆ ಸಣ್ಣ ಅಡಿಕೆ ತೋಟ. ಹಳ್ಳದಿಂದ ನೀರೆತ್ತುವ ಒಂದೂವರೆ ಎಚ್‌ಪಿ ಪಂಪಿಗೆ ಹಳೇ ರಾಸ್ಪ್‌ಬೆರಿ ಪೈ ಝೀರೊ ಎಂಬ ಪುಟ್ಟ ಕಂಪ್ಯೂಟರ್ ಕೂರಿಸಿದ್ದೇನೆ, ಅದರ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್. ಹಳ್ಳದಲ್ಲಿ ನೀರು ತಗ್ಗಿದರೆ ಮೋಟಾರ್ ಎಳೆಯುವ ಕರೆಂಟ್ ಇಳಿಯುತ್ತದೆ. ಆಗ ಪಂಪ್ ನಿಲ್ಲಬೇಕು. ಇಷ್ಟೇ ಕೆಲಸ.

ಆದರೆ ನೀರು ಇದ್ದಾಗಲೂ ಪಂಪ್ ನಿಲ್ಲುತ್ತಿದೆ. ಈ ತಿಂಗಳು ನಾಲ್ಕು ಸಲ ಆಯ್ತು, ನಾಲ್ಕೂ ರಾತ್ರಿ ಹೊತ್ತು. ನಾನು ಶಿವಮೊಗ್ಗದಲ್ಲಿ ಇರುತ್ತೇನೆ. ಅಪ್ಪ ಟಾರ್ಚ್ ಹಿಡಿದು ತೋಟ ಇಳಿದು ಹೋಗಿ ಮತ್ತೆ ಶುರು ಮಾಡಬೇಕು. ಕಾಡುಕೋಣ ಓಡಾಡುವ ಜಾಗ ಅದು. ನನ್ನ ಪ್ರೋಗ್ರಾಮಿನ ತಪ್ಪಿಗೆ ಅವರು ಕತ್ತಲಲ್ಲಿ ನಡೆಯುವುದು ನನಗೆ ಸಹಿಸಲು ಆಗುತ್ತಿಲ್ಲ.

ಸಿ ಭಾಷೆಯಲ್ಲಿ ಬರೆದದ್ದು. ಮೂರು ಥ್ರೆಡ್ ಇವೆ, ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಸರದಿಯಲ್ಲಿ ಓಡುವ ಮೂರು ಕೆಲಸ. ಮೊದಲನೆಯದು ಮಿಲಿಸೆಕೆಂಡಿಗೊಮ್ಮೆ ಕರೆಂಟ್ ಓದುತ್ತದೆ. ಸೆಕೆಂಡಿಗೊಮ್ಮೆ ಆರ್‌ಎಂಎಸ್ (ಓದುಗಳ ವರ್ಗಗಳ ಸರಾಸರಿಯ ವರ್ಗಮೂಲ) ಲೆಕ್ಕ ಹಾಕುತ್ತದೆ. ಅದಕ್ಕೆ ಸ್ಕೆಡ್ ಫಿಫೊ (ಸಾಮಾನ್ಯ ಥ್ರೆಡ್ಡುಗಳಿಗಿಂತ ಮೊದಲು ಓಡಿಸುವ ಲಿನಕ್ಸ್ ನಿಯಮ), ಪ್ರಯಾರಿಟಿ 80 ಕೊಟ್ಟಿದ್ದೇನೆ. ಎರಡನೆಯದು ಗಂಟೆಗೊಮ್ಮೆ ಹಳೇ ದಾಖಲೆ ಕಂಪ್ರೆಸ್ ಮಾಡುತ್ತದೆ, ನೈಸ್ 0. ನೈಸ್ ಅಂಕಿ ಹೆಚ್ಚಿದಷ್ಟೂ ಪ್ರೊಸೆಸರಿನಲ್ಲಿ ಸಿಗುವ ಪಾಲು ಕಡಿಮೆ. ಮೂರನೆಯದು ಹತ್ತು ನಿಮಿಷಕ್ಕೊಮ್ಮೆ ಲಾಗ್ ಬರೆಯುತ್ತದೆ. ಯಾರಿಗೂ ತೊಂದರೆ ಕೊಡದಿರಲಿ ಎಂದು ಅದಕ್ಕೆ ನೈಸ್ 19 ಇಟ್ಟೆ. ಓದುವ ಥ್ರೆಡ್ಡೂ ಲಾಗ್ ಥ್ರೆಡ್ಡೂ ಒಂದೇ ಬಫರ್ (ಓದಿದ್ದನ್ನು ಇಡುವ ಜಾಗ) ಮುಟ್ಟುತ್ತವೆ, ಹಾಗಾಗಿ ಮ್ಯೂಟೆಕ್ಸ್ ಇದೆ, ಅಂದರೆ ಒಂದು ಸಲಕ್ಕೆ ಒಂದೇ ಥ್ರೆಡ್ ಹಿಡಿಯಬಹುದಾದ ಬೀಗ.

ಮೋಟಾರ್ ಸರಿಯಾಗಿ ಓಡುವಾಗ 7.2 ಆಂಪಿಯರ್. 5ಕ್ಕಿಂತ ಕೆಳಗೆ ಬಂದರೆ ನಿಲ್ಲಿಸು ಎಂದು ಬರೆದಿದ್ದೇನೆ. ನಿಂತಾಗಲೆಲ್ಲ ಲಾಗಿನಲ್ಲಿ 3.9 ಇದೆ. ಆ ಸೆಕೆಂಡಿನಲ್ಲಿ 1000 ಸಲ ಓದಬೇಕಿತ್ತು, 300 ಸಲ ಮಾತ್ರ ಓದಿದೆ. ಲಿನಕ್ಸ್ ನನ್ನ ಪ್ರಯಾರಿಟಿ ಕೇಳುತ್ತಿಲ್ಲವೇ?

ಸಾಗರದಿಂದ

ಕೇಳುತ್ತಿದೆ. ನಾಲ್ಕು ಸಲವೂ ಪಂಪ್ ನಿಂತದ್ದು ಎಷ್ಟು ಗಂಟೆಗೆ, ಹೇಳ್ತೀರಾ?

ಇನ್ನೊಂದು ಮಾತು. 300 ಸಲ ಓದಿ 1000ದಿಂದ ಭಾಗಿಸುತ್ತಿದ್ದೀರಿ ಅನ್ನಿಸುತ್ತದೆ. 0.3ರ ವರ್ಗಮೂಲ ಸುಮಾರು 0.55. 7.2ನ್ನು ಅದರಿಂದ ಗುಣಿಸಿ ನೋಡಿ, 3.9 ಬರುತ್ತದೆ. ಓದಿದ ಸಂಖ್ಯೆಯಿಂದಲೇ ಭಾಗಿಸಿ. ಇದನ್ನು ಇವತ್ತೇ ತಿದ್ದಿ, ಅಪ್ಪ ಇವತ್ತು ರಾತ್ರಿ ಮಲಗಲಿ. ಉಳಿದದ್ದು ನಿಧಾನಕ್ಕೆ ನೋಡೋಣ.

ತೀರ್ಥಹಳ್ಳಿಯಿಂದ

ಹೌದು, 1000 ಎಂದೇ ಬರೆದಿದ್ದೆ. ತಿದ್ದಿದೆ. ನಿಂತದ್ದು ಒಂದು ಗಂಟೆಗೆ, ಮೂರಕ್ಕೆ, ಮತ್ತೆ ಒಂದಕ್ಕೆ, ಎರಡಕ್ಕೆ. ಎಲ್ಲವೂ ಸರಿಯಾಗಿ ಗಂಟೆಗೇ!

ಹೊಸನಗರದಿಂದ

ಹಾಗಾದರೆ ಕಂಪ್ರೆಸ್ಸೂ ಲಾಗೂ ಒಟ್ಟಿಗೆ ಎದ್ದ ಹೊತ್ತು. ಇದಕ್ಕೆ ಪ್ರಯಾರಿಟಿ ಇನ್ವರ್ಶನ್ ಎನ್ನುತ್ತಾರೆ.

ಅಡಿಕೆ ಸುಲಿಯುವ ದಿನ ಯೋಚಿಸಿ. ಅಟ್ಟದ ಬೀಗದ ಕೈ ಮನೆಯ ಚಿಕ್ಕ ಹುಡುಗನ ಹತ್ತಿರ ಇದೆ. ಯಜಮಾನರಿಗೆ ಅದು ಈಗಲೇ ಬೇಕು. ಆದರೆ ದಾರಿಯಲ್ಲಿ ಸಿಕ್ಕವರೆಲ್ಲ ಹುಡುಗನಿಗೆ ಒಂದೊಂದು ಕೆಲಸ ಹೇಳುತ್ತಾರೆ. ಯಜಮಾನರಿಗೆ ಯಾರೂ ಅಡ್ಡ ಬಂದಿಲ್ಲ, ಆದರೂ ಅವರು ನಿಂತೇ ಇದ್ದಾರೆ.

ನಿಮ್ಮ ಹುಡುಗ ಲಾಗ್ ಥ್ರೆಡ್, ಯಜಮಾನರು ಓದುವ ಥ್ರೆಡ್, ಬೀಗದ ಕೈ ಮ್ಯೂಟೆಕ್ಸ್, ದಾರಿಯಲ್ಲಿ ಕೆಲಸ ಹೇಳುವವರು ಕಂಪ್ರೆಸ್. ಲಿನಕ್ಸಿನಲ್ಲಿ ನೈಸ್ 0ಕ್ಕೆ ತೂಕ 1024, ನೈಸ್ 19ಕ್ಕೆ 15. ಪೈ ಝೀರೊದಲ್ಲಿ ಇರುವುದು ಒಂದೇ ಕೋರ್, ಒಂದು ಹೊತ್ತಿಗೆ ಒಂದೇ ಥ್ರೆಡ್ ಓಡುತ್ತದೆ. ಕಂಪ್ರೆಸ್ ಓಡುವಾಗ ಲಾಗಿಗೆ ಸಿಗುವುದು 1039ರಲ್ಲಿ 15 ಪಾಲು, ಅಂದರೆ ಸುಮಾರು 1.4 ಶೇಕಡಾ. ಬೀಗ ಹಿಡಿದು 10 ಮಿಲಿಸೆಕೆಂಡ್ ಕೆಲಸ ಇದ್ದರೆ ಮುಗಿಯಲು 700ರ ಹತ್ತಿರ ಹಿಡಿಯುತ್ತದೆ. ನಿಮ್ಮ 300ಕ್ಕೆ ಸರಿಹೋಯಿತಲ್ವಾ?

1997ರಲ್ಲಿ ಮಂಗಳದ ಮೇಲೆ ಇಳಿದ ಪಾತ್‌ಫೈಂಡರ್ ನೌಕೆಗೂ ಇದೇ ಆಗಿ ಅದು ಮತ್ತೆ ಮತ್ತೆ ರೀಸೆಟ್ ಆಗುತ್ತಿತ್ತು. ಅಲ್ಲಿ ಬೀಗ ಹಿಡಿದದ್ದು ಹವಾಮಾನ ಅಳೆಯುವ ಕೆಳಗಿನ ಟಾಸ್ಕ್. ಭೂಮಿಯಿಂದಲೇ, ಕಾಯುವವರ ಪ್ರಯಾರಿಟಿಯನ್ನು ಬೀಗ ಹಿಡಿದವರಿಗೆ ಕೊಡುವ ಪ್ರಯಾರಿಟಿ ಇನ್‌ಹೆರಿಟೆನ್ಸ್ ಆನ್ ಮಾಡಿ ಸರಿಪಡಿಸಿದರು. ಆ ನೌಕೆಯ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಅಲ್ಲ, ವಿಎಕ್ಸ್‌ವರ್ಕ್ಸ್. ಲಿನಕ್ಸಿಗೆ ಈ ಸೌಲಭ್ಯ 2006ರಲ್ಲಿ 2.6.18 ಕರ್ನೆಲ್ (ಲಿನಕ್ಸಿನ ತಿರುಳು) ಜೊತೆ ಬಂತು. ಮ್ಯೂಟೆಕ್ಸ್ ಮಾಡುವಾಗ ಅದರ ಪ್ರೋಟೋಕಾಲನ್ನು ಪ್ರಯೊ ಇನ್‌ಹೆರಿಟ್ ಎಂದು ಇಡಿ. ಆಗ ಓದುವ ಥ್ರೆಡ್ ಬೀಗಕ್ಕೆ ಕಾಯತೊಡಗಿದರೆ, ಬೀಗ ಬಿಡುವವರೆಗೆ ಲಾಗ್ ಥ್ರೆಡ್ 80ರಲ್ಲೇ ಓಡುತ್ತದೆ. ಯಜಮಾನರು ಅಂಗಳದಲ್ಲಿ ನಿಂತು "ಅವನು ಬರುವವರೆಗೆ ಯಾರೂ ಕರೆಯಬೇಡಿ" ಎಂದ ಹಾಗೆ.

ಸಾಗರದಿಂದ

ಸುಮ್ನೆ ಅದೊಂದನ್ನೇ ನಂಬಬೇಡಿ. ಬೀಗ ಹಿಡಿದುಕೊಂಡೇ ಎಸ್‌ಡಿ ಕಾರ್ಡಿಗೆ ಬರೆಯುತ್ತಿದ್ದರೆ ಪ್ರಯಾರಿಟಿ ಎಷ್ಟು ಏರಿಸಿದರೂ ಕಾರ್ಡ್ ಬೇಗ ಬರೆಯುವುದಿಲ್ಲ. ಬೀಗ ಹಾಕಿ, ಬಫರ್ ನಕಲು ಮಾಡಿ, ಬೀಗ ಬಿಡಿ. ಲೆಕ್ಕವೂ ಬರವಣಿಗೆಯೂ ಹೊರಗೆ ಆಗಲಿ. ನನಗೆ ಕೇಳಿದರೆ ಇದೇ ನಿಜವಾದ ಮದ್ದು. ಇನ್‌ಹೆರಿಟೆನ್ಸ್ ಕಾವಲಿಗೆ ಇರಲಿ.

ಓದುವ ಥ್ರೆಡ್ ಪ್ರತಿ ಸುತ್ತಿನಲ್ಲೂ ನಿದ್ದೆ ಹೋಗುತ್ತದೆಯೇ, ಅದನ್ನೂ ನೋಡಿ. ಒಂದೇ ಕೋರಿನಲ್ಲಿ ಫಿಫೊ ಥ್ರೆಡ್ ಬಿಡದೆ ಸುತ್ತಿದರೆ ಬೇರೆ ಏನೂ ಓಡದಂತೆ ಆಗುತ್ತದೆ. ಕರ್ನೆಲ್ ಉಳಿದವರಿಗೆ ಬಿಟ್ಟುಕೊಡುವುದು ಸೆಕೆಂಡಿನಲ್ಲಿ 50 ಮಿಲಿಸೆಕೆಂಡ್ ಮಾತ್ರ.

ತೀರ್ಥಹಳ್ಳಿಯಿಂದ

ಎರಡನ್ನೂ ಮಾಡಿದೆ. ನೋಡಿದರೆ, ಫೈಲಿಗೆ ಬರೆಯುವ ಸಾಲೂ ಬೀಗದ ಒಳಗೇ ಇತ್ತು. ಲಾಗಿನ ನೈಸ್ 19ನ್ನೂ ತೆಗೆದು 5 ಮಾಡಿದೆ. ಪರೀಕ್ಷೆಗೆ ಕಂಪ್ರೆಸ್ಸನ್ನು ಗಂಟೆಗೊಮ್ಮೆ ಬದಲು ಹತ್ತು ನಿಮಿಷಕ್ಕೊಮ್ಮೆ ಓಡಿಸಿದೆ, ಲಾಗಿಗೆ ಬೇಕೆಂದೇ ಡಿಕ್ಕಿ ಹೊಡೆಯಲಿ ಎಂದು. ಒಂಬತ್ತು ರಾತ್ರಿ ಆಯ್ತು. ಎರಡು ಓದುಗಳ ನಡುವೆ ಬಂದ ಅತಿ ದೊಡ್ಡ ಅಂತರ 3 ಮಿಲಿಸೆಕೆಂಡ್. ಪಂಪ್ ಒಮ್ಮೆ ಮಾತ್ರ ನಿಂತಿತು. ಬೆಳಿಗ್ಗೆ ಅಪ್ಪ ಹೋಗಿ ನೋಡಿದಾಗ ಹಳ್ಳದ ಗುಂಡಿಯಲ್ಲಿ ನಿಜಕ್ಕೂ ನೀರು ತಗ್ಗಿತ್ತು.