ವೇಲ್ಸ್ ಸಂಸತ್ತಿನ ಮನವಿ ಸಮಿತಿ: ಸಹಿ ಹಾಕಿದ ಮೇಲೆ ಆ ಮನವಿಗೆ ಏನಾಗುತ್ತದೆ?

ಉಡುಪಿಯ ಉಪನ್ಯಾಸಕಿ ಕೇಳುತ್ತಾರೆ:

ನಾನು ಉಡುಪಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮಲ್ಲಿ ಪ್ರತಿ ವರ್ಷ ಯುವ ಸಂಸತ್ತು ನಡೆಸುವ ಪರಿಪಾಠವಿದೆ. ಮಕ್ಕಳು ಸಾಮಾನ್ಯವಾಗಿ ಪ್ರಶ್ನೋತ್ತರ ಅವಧಿಯನ್ನೇ ಆರಿಸಿಕೊಳ್ಳುತ್ತಾರೆ, ಏಕೆಂದರೆ ಗಟ್ಟಿಯಾಗಿ ಮಾತನಾಡುವುದಕ್ಕೂ ಕೊನೆಗೆ ಸಭಾತ್ಯಾಗ ಮಾಡುವುದಕ್ಕೂ ಅಲ್ಲಿ ಅವಕಾಶ ಹೆಚ್ಚು. ಈ ಸಲ ಗದ್ದಲವಿಲ್ಲದ ಕೆಲಸವೊಂದನ್ನು ತೋರಿಸೋಣವೆಂದು ಮನವಿ ಸಮಿತಿಯ ವಿಷಯ ತೆಗೆದುಕೊಂಡು, ಮಾದರಿಗಾಗಿ ಬ್ರಿಟನ್ನಿನ ಭಾಗವಾದ ವೇಲ್ಸ್‌ನ ಸಂಸತ್ತಾದ ಸೆನೆದ್‌ನ ವ್ಯವಸ್ಥೆಯನ್ನು ಓದತೊಡಗಿದೆ. ಆ ನಾಡನ್ನೇ ಆರಿಸಿದ್ದಕ್ಕೆ ಕಾರಣ ಅದರ ಅಳತೆ. 2021ರ ಗಣತಿಯಂತೆ ವೇಲ್ಸ್‌ನ ಜನಸಂಖ್ಯೆ ಸುಮಾರು 31 ಲಕ್ಷ. ನಮ್ಮ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳನ್ನು ಕೂಡಿಸಿದರೆ 2011ರ ಗಣತಿಯಲ್ಲಿಯೇ 32 ಲಕ್ಷ ದಾಟುತ್ತದೆ. ನಮಗೆ 13 ಶಾಸಕರು. ಅವರಿಗೆ 60 ಸದಸ್ಯರಿದ್ದರು, 2026ರ ಚುನಾವಣೆಯಿಂದ ಅದು 96.

ಅಲ್ಲಿ 250 ಸಹಿಗಳಿದ್ದರೆ ಮನವಿಯನ್ನು ಸಮಿತಿ ಪರಿಶೀಲಿಸಲೇಬೇಕು, 10,000 ದಾಟಿದರೆ ಸದನದ ಚರ್ಚೆಗೆ ಪರಿಗಣಿಸಬೇಕು ಎಂಬಷ್ಟು ತಿಳಿಯಿತು. ಆದರೆ ಇದನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ವಿದ್ಯಾರ್ಥಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ವಾಹನಗಳ ವೇಗಮಿತಿಯನ್ನು ಗಂಟೆಗೆ 20 ಮೈಲಿಗೆ ಇಳಿಸಿದ ನಿಯಮವನ್ನು ರದ್ದುಪಡಿಸಿ ಎಂದು 4 ಲಕ್ಷ 69 ಸಾವಿರಕ್ಕೂ ಹೆಚ್ಚು ಸಹಿಗಳು ಬಿದ್ದರೂ ನಿಯಮ ರದ್ದಾಗಲಿಲ್ಲವಲ್ಲ, ಹಾಗಾದರೆ ಸಮಿತಿ ಇದ್ದು ಏನು ಪ್ರಯೋಜನ ಎಂದು ಅವನು ಕೇಳಿದ. ಸಹಿ ಸಂಗ್ರಹವಾದ ಮೇಲೆ ಒಳಗೆ ನಡೆಯುವುದೇನು ಎಂಬುದನ್ನು ತಿಳಿದವರು ಸ್ವಲ್ಪ ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಕಂಕನಾಡಿಯ ನಿವೃತ್ತ ದಾದಿ ಉತ್ತರಿಸುತ್ತಾರೆ:

ಮೇಡಂ, ನಾನು ಒಂಬತ್ತು ವರ್ಷ ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನ ಆಸ್ಪತ್ರೆಯೊಂದರಲ್ಲಿ ದುಡಿದು ಊರಿಗೆ ಮರಳಿದವಳು. ರಾತ್ರಿ ಪಾಳಿ ಮುಗಿಸಿ ಬಂದು ನಿದ್ದೆ ಬಾರದ ಹಗಲುಗಳಲ್ಲಿ ಸೆನೆದ್‌ನ ಅಂತರ್ಜಾಲ ವಾಹಿನಿಯಲ್ಲಿ ಈ ಸಮಿತಿಯ ಸಭೆಗಳನ್ನು ನೋಡುವ ವಿಚಿತ್ರ ಅಭ್ಯಾಸ ನನಗಿತ್ತು, ಆದುದರಿಂದ ಕಂಡದ್ದನ್ನು ಬರೆಯುತ್ತೇನೆ.

ಮನವಿ ಸಮಿತಿ ಹುಟ್ಟಿದ್ದು 2007ರಲ್ಲಿ. ಆಗ ಸಂಸತ್ತಿನ ಹೆಸರು ವೇಲ್ಸ್‌ನ ರಾಷ್ಟ್ರೀಯ ಅಸೆಂಬ್ಲಿ. ಸೆನೆದ್ ಎಂಬ ಈಗಿನ ಹೆಸರು ಬಂದದ್ದು 2020ರ ಮೇ ತಿಂಗಳಲ್ಲಿ. ಮನವಿಯನ್ನು ವೆಲ್ಷ್ ಭಾಷೆಯಲ್ಲಾದರೂ ಇಂಗ್ಲಿಷಿನಲ್ಲಾದರೂ ಬರೆಯಬಹುದು, ಎರಡಕ್ಕೂ ಸಮಾನ ಮಾನ್ಯತೆ. ಸಹಿಗೆ ತೆರೆಯುವ ಮೊದಲು ಸಿಬ್ಬಂದಿ ಅದನ್ನು ಓದಿ, ವಿಷಯ ಸೆನೆದ್‌ನ ಅಥವಾ ವೇಲ್ಸ್ ಸರ್ಕಾರದ ಅಧಿಕಾರದೊಳಗೆ ಬರುತ್ತದೆಯೇ ಎಂದು ನೋಡುತ್ತಾರೆ. ಆರೋಗ್ಯ, ಶಿಕ್ಷಣ, ಪರಿಸರ, ಕೃಷಿ ಮೊದಲಾದವು ಬರುತ್ತವೆ. ರಕ್ಷಣೆ, ವಿದೇಶಾಂಗ, ಪೊಲೀಸ್ ಇವು ಲಂಡನ್ನಿನ ಸಂಸತ್ತಿಗೆ ಸೇರಿದವು, ಹಾಗಾಗಿ ಬರುವುದಿಲ್ಲ. ಸ್ಥಳೀಯ ಕೌನ್ಸಿಲ್ ಕೊಟ್ಟ ಕಟ್ಟಡ ಪರವಾನಿಗೆಯನ್ನು ರದ್ದುಮಾಡಿ ಎಂದರೂ ಆಗದು, ಏಕೆಂದರೆ ಅಂತಹ ನಿರ್ಧಾರವನ್ನು ಬದಲಿಸುವ ಅಧಿಕಾರ ಸೆನೆದ್‌ಗೇ ಇಲ್ಲ.

ಸಹಿ ಸಂಗ್ರಹಕ್ಕೆ ಆರು ತಿಂಗಳವರೆಗೆ ಅವಕಾಶ. ನೀವು ಹೇಳಿದ 250 ಮತ್ತು 10,000 ಎಂಬ ಮಿತಿಗಳು 2021ರಲ್ಲಿ ಬಂದವು; ಅದಕ್ಕೆ ಮುಂಚೆ ಕೇವಲ 50 ಸಹಿ ಸಾಕಿತ್ತು, ಚರ್ಚೆಗೆ 5,000. ಇಷ್ಟೆಲ್ಲ ಹೊರಗಿನವರಿಗೆ ಕಾಣುವ ಭಾಗ. ನನಗೆ ನಿಜವಾಗಿ ಹಿಡಿಸಿದ್ದು ಇದರ ಮುಂದಿನದು.

ಸಮಿತಿಯ ಮೊದಲ ಸಭೆಗೆ ಮುಂಚೆಯೇ ಸಂಬಂಧಪಟ್ಟ ಸಚಿವರಿಗೆ ಪತ್ರ ಹೋಗುತ್ತದೆ: ಈ ಮನವಿಯ ಬಗ್ಗೆ ತಮ್ಮ ನಿಲುವೇನು? ಸಚಿವರು ಬರೆದ ಉತ್ತರವನ್ನು ಕಡತಕ್ಕೆ ಸೇರಿಸಿ ಸುಮ್ಮನಾಗದೆ, ಮನವಿ ಸಲ್ಲಿಸಿದವರಿಗೇ ಕಳುಹಿಸಿ, ಇದರ ಬಗ್ಗೆ ನೀವೇನು ಹೇಳುತ್ತೀರಿ ಎಂದು ಕೇಳುತ್ತಾರೆ. ಸಚಿವರ ಉತ್ತರ, ಅದಕ್ಕೆ ಮನವಿದಾರರ ಮರುಮಾತು, ಸೆನೆದ್‌ನ ಸಂಶೋಧನಾ ವಿಭಾಗದ ಟಿಪ್ಪಣಿ ಮೂರೂ ಒಟ್ಟಾಗಿ ಸಭೆಯ ಕಾಗದಪತ್ರಗಳಲ್ಲಿ ಪ್ರಕಟವಾಗುತ್ತವೆ. ಸಭೆಯಲ್ಲಿ ಒಂದೊಂದು ಮನವಿಗೆ ಸಿಗುವುದು ಹಲವು ಸಲ ಕೆಲವೇ ನಿಮಿಷ. ಸದಸ್ಯರೊಬ್ಬರು ಮುಂದಿನ ಕ್ರಮ ಸೂಚಿಸುತ್ತಾರೆ: ಸಚಿವರಿಗೆ ಮತ್ತೊಂದು ಪತ್ರ, ತಜ್ಞರಿಂದ ಸಾಕ್ಷ್ಯ, ಸ್ಥಳ ಪರಿಶೀಲನೆ, ಬೇರೊಂದು ಸಮಿತಿಗೆ ವರ್ಗಾವಣೆ, ಸದನದಲ್ಲಿ ಚರ್ಚೆಗೆ ಕೋರಿಕೆ, ಇಲ್ಲವೇ ಧನ್ಯವಾದ ಹೇಳಿ ಮುಕ್ತಾಯ. ಯಾವುದಾದರೂ ಆಗಲಿ, ಕಾರಣವನ್ನು ಎಲ್ಲರೆದುರು ಹೇಳಿಯೇ ಆಗಬೇಕು, ಅದು ನಡಾವಳಿಯಲ್ಲಿ ದಾಖಲಾಗುತ್ತದೆ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಊರಿಗೆ ಬಂದ ಮೇಲೆ ನಮ್ಮ ಬೀದಿಯ ಚರಂಡಿಯ ಬಗ್ಗೆ ಅಕ್ಕಪಕ್ಕದವರೆಲ್ಲ ಸಹಿ ಹಾಕಿದ ಅರ್ಜಿಯೊಂದನ್ನು ಒಂದು ಕಚೇರಿಗೆ ಕೊಟ್ಟೆವು. ಟಪಾಲಿನ ಮೊಹರು ಬಿತ್ತು, ಸ್ವೀಕೃತಿ ಸಿಕ್ಕಿತು, ಕೆಲವು ತಿಂಗಳಾದ ಮೇಲೆ 'ಅಗತ್ಯ ಕ್ರಮಕ್ಕಾಗಿ ರವಾನಿಸಲಾಗಿದೆ' ಎಂಬ ಹಿಂಬರಹವೂ ಬಂತು. ಆ ಹಿಂಬರಹವನ್ನು ಓದಿ ನಮಗೆ ಸಮಾಧಾನವಾಯಿತೇ ಎಂದು ಕೇಳುವವರು ಯಾರೂ ಇರಲಿಲ್ಲ.

ಸುರತ್ಕಲ್‌ನ ಓದುಗರೊಬ್ಬರು:

ದಾದಿಯವರ ವಿವರಣೆಗೆ ಗೌರವ ಸಲ್ಲಿಸಿಯೇ ಭಿನ್ನಾಭಿಪ್ರಾಯ ಹೇಳುತ್ತೇನೆ. ನಮ್ಮ ಸುರತ್ಕಲ್ ಟೋಲ್‌ಗೇಟಿನ ವಿರುದ್ಧ ವರ್ಷಾನುಗಟ್ಟಲೆ ಮನವಿಗಳು ಹೋದವು. ಕೊನೆಗೆ ಹಗಲು ರಾತ್ರಿ ಧರಣಿ ಕುಳಿತ ಮೇಲೆ 2022ರ ಡಿಸೆಂಬರ್ 1ರಿಂದ ಅಲ್ಲಿ ಸುಂಕ ವಸೂಲಿ ನಿಂತಿತು. ಪತ್ರಕ್ಕೆ ಪತ್ರ, ಅದಕ್ಕೆ ಮರುಪತ್ರ ಎಂದು ಸಮಿತಿ ಬರೆಯುತ್ತಾ ಕುಳಿತರೆ ಜನರ ಸಿಟ್ಟು ಆರಿಹೋಗುತ್ತದೆ, ಸರ್ಕಾರಕ್ಕೆ ಬೇಕಾದದ್ದೂ ಅದೇ. ವಿದ್ಯಾರ್ಥಿ ಕೇಳಿದ್ದು ಸರಿಯಾಗಿಯೇ ಇದೆ: ಜನಸಂಖ್ಯೆಯ ಆರನೆಯ ಒಂದು ಭಾಗಕ್ಕೆ ಸಮೀಪದ ಸಹಿಗಳಿಗೂ ಮಣಿಯದ ವ್ಯವಸ್ಥೆ ಇನ್ನು ಯಾವುದಕ್ಕೆ ಮಣಿಯುತ್ತದೆ?

ಉಡುಪಿಯ ವಕೀಲರು:

ಮಣಿಯುವುದು ಎಂಬ ಪದದಲ್ಲಿಯೇ ಗೊಂದಲವಿದೆ ಎಂದು ನನಗೆ ತೋರುತ್ತದೆ. ಮನವಿ ಸಮಿತಿ ನ್ಯಾಯಾಲಯವಲ್ಲ, ಜನಮತ ಸಂಗ್ರಹವೂ ಅಲ್ಲ. ಸರ್ಕಾರಕ್ಕೆ ಆದೇಶ ಕೊಡುವ ಅಧಿಕಾರ ಅದಕ್ಕಿಲ್ಲ. ಅದು ಮಾಡಬಲ್ಲದ್ದು ಸರ್ಕಾರದಿಂದ ಸಾರ್ವಜನಿಕವಾಗಿ ಉತ್ತರ ಪಡೆಯುವುದು, ಆ ಉತ್ತರ ಸಾಲದಿದ್ದರೆ ಮತ್ತೆ ಕೇಳುವುದು.

ವೇಗಮಿತಿಯ ವಿಷಯವನ್ನೇ ನೋಡಿ. ಜನವಸತಿಯ ರಸ್ತೆಗಳಲ್ಲಿ ಗಂಟೆಗೆ 30 ಮೈಲಿ ಇದ್ದ ಸಾಮಾನ್ಯ ಮಿತಿ 2023ರ ಸೆಪ್ಟೆಂಬರ್ 17ರಿಂದ 20 ಮೈಲಿಗೆ, ಅಂದರೆ ನಮ್ಮ ಲೆಕ್ಕದಲ್ಲಿ 48 ಕಿಲೋಮೀಟರಿನಿಂದ 32ಕ್ಕೆ ಇಳಿಯಿತು. ಅದು ಸೆನೆದ್‌ನ ಸದಸ್ಯರೇ ಹಿಂದಿನ ವರ್ಷ ಮತ ಹಾಕಿ ಒಪ್ಪಿದ್ದ ನಿಯಮ. ವಿರೋಧದ ಮನವಿ ಸೆನೆದ್‌ನ ಇತಿಹಾಸದಲ್ಲಿಯೇ ಅತ್ಯಂತ ದೊಡ್ಡದಾಯಿತು, ಸದನದಲ್ಲಿ ಚರ್ಚೆಗೂ ಬಂತು. ನಿಯಮ ರದ್ದಾಗಲಿಲ್ಲ ಎಂಬುದು ನಿಜ. ಆದರೆ 2024ರಲ್ಲಿ ಸರ್ಕಾರ ತನ್ನ ಮಾರ್ಗಸೂಚಿಯನ್ನು ಪರಿಷ್ಕರಿಸಿ, ಯಾವ ರಸ್ತೆಗಳನ್ನು ಮತ್ತೆ 30 ಮೈಲಿಗೆ ಏರಿಸಬಹುದೆಂದು ಸ್ಥಳೀಯ ಕೌನ್ಸಿಲ್‌ಗಳು ಮರುಪರಿಶೀಲಿಸುವಂತೆ ಮಾಡಿತು. ಇದು ಮನವಿಯೊಂದರಿಂದಲೇ ಆಯಿತೆಂದು ನಾನು ವಾದಿಸುವುದಿಲ್ಲ, ವಿರೋಧ ಎಲ್ಲ ಕಡೆಯಿಂದಲೂ ಇತ್ತು.

ಸಹಿಗಳ ಸಂಖ್ಯೆಗೂ ಫಲಕ್ಕೂ ನೇರ ಸಂಬಂಧವಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗ್ರೇಹೌಂಡ್ ನಾಯಿ ಓಟದ್ದು. ಅದನ್ನು ನಿಷೇಧಿಸಿ ಎಂದು ಬಂದ ಮನವಿಗೆ ಇದ್ದ ಸಹಿಗಳು ಸುಮಾರು 35 ಸಾವಿರ. ವೇಲ್ಸ್‌ನಲ್ಲಿ ಉಳಿದಿದ್ದ ಓಟದ ಮೈದಾನ ಒಂದೇ ಒಂದು, ಅಸ್ತ್ರಾದ್ ಮಾನಾಖ್ ಎಂಬ ಊರಿನದು. ಸಮಿತಿ ಎರಡೂ ಕಡೆಯವರಿಂದ ಸಾಕ್ಷ್ಯ ತೆಗೆದುಕೊಂಡು 2022ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಬಹುಮತದ ಶಿಫಾರಸು ಹಂತ ಹಂತವಾದ ನಿಷೇಧಕ್ಕೆ. 2023ರಲ್ಲಿ ಸದನದಲ್ಲಿ ಚರ್ಚೆ ನಡೆಯಿತು, 2025ರ ಫೆಬ್ರವರಿಯಲ್ಲಿ ಸರ್ಕಾರ ನಿಷೇಧಿಸುವ ಉದ್ದೇಶ ಪ್ರಕಟಿಸಿತು, ಅದೇ ವರ್ಷ ಮಸೂದೆ ಮಂಡನೆಯಾಯಿತು. ಕಂಬಳದ ನಾಡಿನವರಾದ ನಮಗೆ ಇದನ್ನು ಓದುವಾಗ ಮನಸ್ಸು ಎರಡಾಗುವುದು ಸಹಜ. ನಮ್ಮಲ್ಲಿ ಆ ಪ್ರಶ್ನೆ 2014ರ ತೀರ್ಪು, 2017ರ ರಾಜ್ಯ ತಿದ್ದುಪಡಿ, 2023ರ ಮೇ ತಿಂಗಳ ಸಂವಿಧಾನ ಪೀಠದ ತೀರ್ಪು ಎಂದು ಸುಪ್ರೀಂ ಕೋರ್ಟಿನ ಮೂಲಕವೇ ಸಾಗಿತು. ಕೋಣದ ಯಜಮಾನರನ್ನೂ ಪ್ರಾಣಿದಯೆಯವರನ್ನೂ ಒಂದೇ ಮೇಜಿನ ಮುಂದೆ ಕೂರಿಸಿ ಶಾಸಕರು ಪ್ರಶ್ನೆ ಕೇಳಿದ್ದರೆ ಹೇಗಿರುತ್ತಿತ್ತು ಎಂದು ನಾನು ಕೆಲವೊಮ್ಮೆ ಯೋಚಿಸುತ್ತೇನೆ.

ಸುರತ್ಕಲ್‌ನ ಮಹನೀಯರಿಗೆ ಒಂದು ಮಾತು. ಟೋಲ್‌ಗೇಟು ಇದ್ದದ್ದು ರಾಷ್ಟ್ರೀಯ ಹೆದ್ದಾರಿಯ ಮೇಲೆ, ಅಂದರೆ ಕೇಂದ್ರದ ವಿಷಯ. ಅದನ್ನು ವೇಲ್ಸ್‌ನಂತಹ ವ್ಯವಸ್ಥೆಯಲ್ಲಿ ರಾಜ್ಯದ ಸಮಿತಿಗೆ ಕೊಟ್ಟಿದ್ದರೆ ಸಹಿಗೆ ತೆರೆಯುವ ಮೊದಲೇ ವಾಪಸು ಬರುತ್ತಿತ್ತು. ಧರಣಿ ಬೇಡವೆಂದು ನಾನು ಹೇಳುತ್ತಿಲ್ಲ. ಯಾವ ಬಾಗಿಲು ಯಾರದ್ದು ಎಂದು ಮೊದಲ ದಿನವೇ ತಿಳಿಯುವುದೂ ಒಂದು ಉಪಕಾರ.

ನಮ್ಮಲ್ಲಿ ಮನವಿ ಸಮಿತಿ ಇಲ್ಲವೆಂದು ಮಕ್ಕಳು ತಿಳಿಯಬಾರದು. ಲೋಕಸಭೆಯ ಅರ್ಜಿಗಳ ಸಮಿತಿಯ ಮೂಲ 1924ರ ಕೇಂದ್ರ ಶಾಸನಸಭೆಯಲ್ಲಿದೆ, ವೇಲ್ಸ್‌ನದ್ದಕ್ಕಿಂತ 80 ವರ್ಷಕ್ಕೂ ಹಳೆಯದು. ನಮ್ಮ ವಿಧಾನಸಭೆಯಲ್ಲಿಯೂ ಅರ್ಜಿಗಳ ಸಮಿತಿ ಇದೆ. ಆದರೆ ಮೂವತ್ತು ವರ್ಷದ ವೃತ್ತಿಯಲ್ಲಿ, ಆ ಸಮಿತಿಗೆ ಬರೆಯೋಣ ಎಂದು ಹೇಳಿದ ಕಕ್ಷಿದಾರರೊಬ್ಬರನ್ನೂ ನಾನು ಕಂಡಿಲ್ಲ. ಎಲ್ಲರೂ ಹೋಗುವುದು ಮಣಿಪಾಲದ ರಜತಾದ್ರಿಗೆ, ಜಿಲ್ಲಾಧಿಕಾರಿಗಳ ಬಳಿ. ನಮಗೆ ಸರ್ಕಾರವೆಂದರೆ ಕಚೇರಿ, ಶಾಸನಸಭೆಯಲ್ಲ.

ಕಂಕನಾಡಿಯ ನಿವೃತ್ತ ದಾದಿ:

ವಕೀಲರು ಹೇಳಿದ್ದಕ್ಕೆ ಹಳೆಯ ಉದಾಹರಣೆಯೊಂದನ್ನು ಸೇರಿಸುತ್ತೇನೆ. ಸಮಿತಿ ಆರಂಭವಾದ ವರ್ಷವೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿ ಎಂಬ ಮನವಿ ಬಂದಿತ್ತು. ನಿಷೇಧವಾಗಲಿಲ್ಲ, ಬದಲಿಗೆ 2011ರ ಅಕ್ಟೋಬರ್ 1ರಿಂದ ಪ್ರತಿ ಚೀಲಕ್ಕೆ ಕನಿಷ್ಠ 5 ಪೆನ್ನಿ ಶುಲ್ಕ ಬಂತು, ಬ್ರಿಟನ್ನಿನಲ್ಲಿ ಅದೇ ಮೊದಲು. ಕೇಳಿದ್ದು ಒಂದು, ನಾಲ್ಕು ವರ್ಷದ ಮೇಲೆ ಸಿಕ್ಕಿದ್ದು ಇನ್ನೊಂದು. ನಮ್ಮಲ್ಲಿ 2016ರಲ್ಲಿ ನೇರವಾಗಿ ನಿಷೇಧವೇ ಬಂತು, ಮೀನು ಮಾರುಕಟ್ಟೆಗೆ ಹೋದವರಿಗೆ ಅದರ ಗತಿ ಗೊತ್ತು.

ಆದರೆ ನಿಧಾನದ ಬಗ್ಗೆ ಸುರತ್ಕಲ್‌ನವರು ಹೇಳಿದ್ದನ್ನು ನಾನು ತಳ್ಳಿಹಾಕುವುದಿಲ್ಲ. ಎಷ್ಟೋ ಮನವಿಗಳು ಎರಡು ಪತ್ರಗಳ ನಂತರ, 'ಸಮಿತಿ ಇನ್ನು ಮಾಡಬಹುದಾದದ್ದು ಹೆಚ್ಚೇನಿಲ್ಲ' ಎಂಬ ಮಾತಿನೊಂದಿಗೆ ಮುಗಿಯುವುದನ್ನು ನೋಡಿದ್ದೇನೆ. ಆಸ್ಪತ್ರೆಯ ಸೇವೆಗಳ ಬಗ್ಗೆ ಬಂದ ಮನವಿಗಳಲ್ಲಿ ಇದು ನನಗೆ ಹೆಚ್ಚು ನೋವು ಕೊಡುತ್ತಿತ್ತು, ಏಕೆಂದರೆ ಕಾಯುತ್ತಿದ್ದವರು ರೋಗಿಗಳು.

ವೆಲ್ಷ್ ಭಾಷೆಯಲ್ಲಿ ಬಂದ ಮನವಿಗೆ ಸದಸ್ಯರು ವೆಲ್ಷ್‌ನಲ್ಲಿಯೇ ಮಾತನಾಡಿ, ಉಳಿದವರು ಕಿವಿಗೆ ಯಂತ್ರ ಹಾಕಿಕೊಂಡು ಅನುವಾದ ಕೇಳುವುದನ್ನು ಕಂಡಾಗಲೆಲ್ಲ ನನಗೆ ತುಳು ನೆನಪಾಗುತ್ತಿತ್ತು. ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ತುಳುವನ್ನು ಸೇರಿಸಿ ಎಂಬ ಕೋರಿಕೆಯನ್ನೇ ತುಳುವಿನಲ್ಲಿ ಬರೆದು ಕೊಟ್ಟರೆ ಹೇಗಿರುತ್ತದೆ ಎಂದುಕೊಳ್ಳುತ್ತಿದ್ದೆ.

ಉಡುಪಿಯ ಉಪನ್ಯಾಸಕಿ:

ಎಲ್ಲರಿಗೂ ಕೃತಜ್ಞತೆಗಳು. ವಿದ್ಯಾರ್ಥಿಗೆ ವೇಗಮಿತಿಯ ಮನವಿಯನ್ನೂ ನಾಯಿ ಓಟದ ಮನವಿಯನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದೆ. ಅವನಿಗೆ ಪೂರ್ತಿ ಒಪ್ಪಿಗೆಯಾಗಿಲ್ಲ, ಆಗಬೇಕೆಂದು ನಾನೂ ಒತ್ತಾಯಿಸಲಿಲ್ಲ. ಯುವ ಸಂಸತ್ತಿಗಾಗಿ ಮಕ್ಕಳು ಆರಿಸಿಕೊಂಡಿರುವ ಮನವಿ, ಮಳೆಗಾಲದಲ್ಲಿ ಶಾಲಾ ಕಾಲೇಜುಗಳಿಗೆ ರಜೆ ಘೋಷಿಸುವಾಗ ಹಿಂದಿನ ಸಂಜೆಯೇ ತಿಳಿಸಬೇಕು ಎಂಬುದು. ಬೆಳಗ್ಗೆ ಬಸ್ಸು ಹತ್ತಿ ಅರ್ಧ ದಾರಿಗೆ ಬಂದ ಮೇಲೆ ರಜೆಯ ಸುದ್ದಿ ತಿಳಿಯುವ ಅನುಭವ ಬೈಂದೂರಿನಿಂದ ಬರುವ ಮಕ್ಕಳಿಗೆ ಸಾಕಷ್ಟಿದೆ. ಸಹಿಯ ಮಿತಿಯನ್ನು ಕಾಲೇಜಿನ ಲೆಕ್ಕಕ್ಕೆ 25 ಎಂದು ಇಟ್ಟಿದ್ದೇವೆ, ಮೊದಲ ದಿನವೇ ದಾಟಿತು. ಈಗಿರುವ ಸಮಸ್ಯೆ ಸಚಿವರದ್ದು. ಆ ಪಾತ್ರ ಮಾಡುವ ಹುಡುಗಿ, ಕೋರಿಕೆ ನ್ಯಾಯವಾದದ್ದೇ, ಒಪ್ಪಿಬಿಡುತ್ತೇನೆ ಎನ್ನುತ್ತಿದ್ದಾಳೆ. ಒಪ್ಪಿಬಿಟ್ಟರೆ ಸಮಿತಿಗೆ ಕೆಲಸವೇ ಇರುವುದಿಲ್ಲವಲ್ಲ?

ಉಡುಪಿಯ ವಕೀಲರು:

ಒಪ್ಪುವುದಕ್ಕೆ ಬಿಡಬೇಡಿ, ನಿರಾಕರಿಸುವುದಕ್ಕೂ ಬಿಡಬೇಡಿ. 'ವಿಷಯವನ್ನು ಸರ್ಕಾರ ಗಂಭೀರವಾಗಿ ಪರಿಗಣಿಸಿದೆ, ಹವಾಮಾನದ ಮುನ್ಸೂಚನೆಯನ್ನು ಆಧರಿಸಿ ಜಿಲ್ಲಾ ಹಂತದಲ್ಲಿ ಸೂಕ್ತ ನಿರ್ಧಾರ ಕೈಗೊಳ್ಳಲಾಗುತ್ತಿದೆ' ಎಂದು ಅವಳಿಂದ ಎರಡು ಪ್ಯಾರಾ ಬರೆಸಿ. ಆಮೇಲೆ ಆ ಕಾಗದವನ್ನು ಬೈಂದೂರಿನ ಮಕ್ಕಳ ಕೈಗೆ ಕೊಟ್ಟು, ಇದರಲ್ಲಿ ನಿಮ್ಮ ಪ್ರಶ್ನೆಗೆ ಉತ್ತರ ಎಲ್ಲಿದೆ ಎಂದು ಕೇಳಿ. ಅವರು ಬರೆಯುವ ಮರುಪತ್ರವನ್ನು ಸಾಧ್ಯವಾದರೆ ಇಲ್ಲಿಯೂ ಹಾಕಿ, ಓದುವ ಆಸೆ ನನಗಿದೆ.