‘ಉಯಿಬ್ಯೊಂಗ್’ ಅನ್ನೋದಕ್ಕೆ ಕನ್ನಡದಲ್ಲಿ ಏನನ್ನೋಣ? ಸೇನೆ, ಪಡೆ, ದಂಡು...

ಗೆಳೆಯರೇ, ನಮಸ್ಕಾರ.

ಒಂದೇ ಒಂದು ಪದ ಮೂರು ವಾರದಿಂದ ನನ್ನನ್ನು ಮುಂದಕ್ಕೆ ಬಿಡುತ್ತಿಲ್ಲ. ನಿಮ್ಮ ಮುಂದಿಡುತ್ತಿದ್ದೇನೆ.

ನಾನು ಬರೆಯುತ್ತಿರುವುದು ಒಂದು ನೀಳ್ಗತೆ. ಜಾಗ ಕೊರಿಯಾದ ಉತ್ತರದ ಬೆಟ್ಟಸೀಮೆ, ಹಮ್‌ಗ್ಯೊಂಗ್. ಕಾಲ 1907ರ ಚಳಿಗಾಲದ ಶುರು. ಕಥೆ ಹೇಳುವವನು ಹುಲಿ ಬೇಟೆಗಾರನೊಬ್ಬನ ಮಗ, ಹದಿನಾಲ್ಕರ ಹುಡುಗ. ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. 1905ರಲ್ಲಿ ಜಪಾನ್ ಕೊರಿಯಾವನ್ನು ತನ್ನ ‘ರಕ್ಷಣೆ’ಗೆ ತೆಗೆದುಕೊಂಡಿತು. 1907ರ ಜುಲೈನಲ್ಲಿ ದೊರೆ ಗೋಜೊಂಗ್‌ನನ್ನು ಪಟ್ಟದಿಂದ ಇಳಿಸಿತು. ಆಗಸ್ಟ್ 1ಕ್ಕೆ ಕೊರಿಯಾದ ಸೈನ್ಯವನ್ನೇ ಬರಖಾಸ್ತು ಮಾಡಿತು. ಬೀದಿಗೆ ಬಿದ್ದ ಸಿಪಾಯಿಗಳಲ್ಲಿ ಎಷ್ಟೋ ಜನ ಬಂದೂಕು ಹಿಡಿದು ಬೆಟ್ಟ ಹತ್ತಿದರು. ರೈತರು, ಓದಿದವರು, ಬೇಟೆಗಾರರು ಜೊತೆಗೂಡಿದರು. ಇವರೇ ಉಯಿಬ್ಯೊಂಗ್.

‘ಬ್ಯೊಂಗ್’ ಅಂದರೆ ಸಿಪಾಯಿ, ಅದರಲ್ಲಿ ತಕರಾರಿಲ್ಲ. ಗೋಳೆಲ್ಲ ‘ಉಯಿ’ಯದು. ಚೀನೀ ಮೂಲದ ಮಾತು. ಮಾಡಬೇಕಾದದ್ದನ್ನು, ಯಾರೂ ಹೇಳದಿದ್ದರೂ, ಸರಿ ಅನ್ನೋ ಕಾರಣಕ್ಕೆ ಮಾಡುವುದು, ಅಷ್ಟೂ ಅರ್ಥ ಅದರೊಳಗಿದೆ. ಇನ್ನೊಂದು ತಮಾಷೆ ನೋಡಿ. ರಕ್ತಸಂಬಂಧ ಇಲ್ಲದೆ ಆಣೆ ಮಾಡಿ ಅಣ್ಣತಮ್ಮಂದಿರಾದವರ ಹೆಸರಿಗೂ ಇದೇ ‘ಉಯಿ’ ಸೇರುತ್ತದೆ. ಕಟ್ಟಿಸಿದ ಹಲ್ಲಿಗೂ, ಮರದ ಕಾಲಿಗೂ ಸೇರುತ್ತದೆ! ಹುಟ್ಟಿನಿಂದ ಬಂದದ್ದಲ್ಲ, ಆದರೂ ಆ ಜಾಗದಲ್ಲಿ ನಿಂತು ಕೆಲಸ ಮಾಡುವಂಥದ್ದು.

ಇತಿಹಾಸಕಾರ ಪಾಕ್ ಉನ್‌ಶಿಕ್ 1920ರಲ್ಲಿ ಬರೆದ ವಿವರಣೆ ನನಗೆ ಜಾಸ್ತಿ ಹಿಡಿಸಿತು. ಉಯಿಬ್ಯೊಂಗ್ ಅಂದರೆ ಜನರ ಸೈನ್ಯ, ನಾಡಿಗೆ ಆಪತ್ತು ಬಂದಾಗ ಅರಮನೆಯ ಅಪ್ಪಣೆಗೆ ಕಾಯದೆ ಎದ್ದು ಹೋಗಿ ಕಾದುವವರು ಅನ್ನುತ್ತಾನೆ. ಪದವೇನೂ ಹೊಸದಲ್ಲ. 1592ರಲ್ಲಿ ಜಪಾನೀಯರು ದಂಡೆತ್ತಿ ಬಂದಾಗಲೂ ಹೀಗೆ ಎದ್ದವರನ್ನು ಇದೇ ಹೆಸರಿನಿಂದ ಕರೆದಿದ್ದರು. ಅಂದರೆ 1907ರ ಹಳ್ಳಿಯ ಹುಡುಗನ ಕಿವಿಗೆ ಇದು ಅಜ್ಜಿಕಥೆಯಲ್ಲಿ ಕೇಳಿದ ಪದ. ಕನ್ನಡದ ಪದಕ್ಕೂ ಆ ಹಳೇ ವಾಸನೆ ಇರಬೇಕು.

ಇಂಗ್ಲಿಷಿನವರು ‘ರೈಚಸ್ ಆರ್ಮಿ’ ಅಂತ ಮಾಡಿಕೊಂಡಿದ್ದಾರೆ. ಅದನ್ನೇ ಕನ್ನಡಕ್ಕೆ ತಂದರೆ ‘ಧರ್ಮಸೇನೆ’. ನಾನೂ ಮೊದಲು ಹಾಗೇ ಬರೆದೆ. ಮಾರನೇ ದಿನ ಓದಿದಾಗ ಗಾಬರಿಯಾಯಿತು. ವೃತ್ತದಲ್ಲಿ ಕಟ್ಟಿದ ಫ್ಲೆಕ್ಸ್ ಕಣ್ಣೆದುರು ಬಂತು. ಇವತ್ತು ‘ಸೇನೆ’ ಅಂದರೆ ಒಂದೋ ಗಡಿಯಲ್ಲಿರುವುದು, ಇಲ್ಲವೇ ಲೆಟರ್‌ಹೆಡ್‌ನಲ್ಲಿರುವುದು. ಅದಕ್ಕೆ ‘ಧರ್ಮ’ ಬೇರೆ ಅಂಟಿಸಿದರೆ ಕೊರಿಯಾ ಕಥೆಯಿಂದಲೇ ಎದ್ದು ಹೋಗುತ್ತದೆ. ‘ನ್ಯಾಯಪಡೆ’ ಅಂತ ಬರೆದೆ, ಕೋರ್ಟಿನ ಹೊರಗೆ ನಿಲ್ಲುವ ಪೊಲೀಸರ ಹಾಗೆ ಕೇಳಿಸಿತು. ‘ಸ್ವಯಂಸೇವಕ’ ಬೇಡವೇ ಬೇಡ. ‘ಬಂಟರು’ ಚೆನ್ನಾಗಿದೆ, ಹಲಗಲಿ ಲಾವಣಿಯಲ್ಲೂ ಇದೆ. ಆದರೆ ಕರಾವಳಿಯವರು ಅದನ್ನು ಸಮುದಾಯದ ಹೆಸರಾಗಿ ಓದುತ್ತಾರೆ, ಉಳಿದವರಿಗೆ ‘ನಂಬಿಕೆಯ ಬಂಟ’ ನೆನಪಾಗುತ್ತಾನೆ. ಯಾರ ಅಪ್ಪಣೆಗೂ ಕಾಯದವನನ್ನು ಬಂಟ ಅನ್ನೋದು ಹೇಗೆ?

ಕೊನೆಗೆ ಉಳಿದದ್ದು ‘ದಂಡು’. ಇದರ ಪರವಾಗಿ ಹೇಳಲು ಬೇಕಾದಷ್ಟಿದೆ. ಸೈನ್ಯವೂ ದಂಡೇ, ಇರುವೆ ಸಾಲೂ ದಂಡೇ, ಮದುವೆಗೆ ಬಂದ ಮಕ್ಕಳೂ ದಂಡೇ. ಸಮವಸ್ತ್ರ ಇರಲೇಬೇಕು ಅಂತಿಲ್ಲ. ಆದರೆ ‘ದಂಡೆತ್ತಿ ಹೋಗು’ ಅನ್ನೋದು ರಾಜರು ಪರರ ನಾಡಿನ ಮೇಲೆ ಬೀಳುವ ಮಾತು. ನನ್ನ ಜನ ತಮ್ಮ ಊರಿನ ಹಿಂದಿನ ಗುಡ್ಡದಲ್ಲೇ ಇದ್ದಾರೆ. ಹಾಗಾಗಿ ‘ದಂಡು ಕಟ್ಟಿದರು’, ‘ಊರದಂಡು’ ಅಂತ ಪ್ರಯೋಗ ಮಾಡುತ್ತಿದ್ದೇನೆ. ‘ಊರದಂಡು’ ಅಂದಾಗ ನಿಮಗೆ ಏನು ಹೊಳೆಯುತ್ತದೆ? ಅರ್ಥ ಹುಡುಕಬೇಡಿ, ಮೊದಲು ತಲೆಗೆ ಬಂದದ್ದನ್ನು ಹೇಳಿ.

ಪದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಅಂತ ಮನೆಯಲ್ಲೂ ಕೇಳಿದರು. ಅನ್ ಜುಂಗ್‌ಗುನ್‌ನ ವಿಚಾರಣೆ ನೋಡಿ. 1909ರ ಅಕ್ಟೋಬರ್ 26ರಂದು ಹಾರ್ಬಿನ್ ರೈಲು ನಿಲ್ದಾಣದಲ್ಲಿ, ಕೊರಿಯಾದ ಮೇಲೆ ಜಪಾನಿನ ರೆಸಿಡೆಂಟ್ ಜನರಲ್ ಆಗಿದ್ದ ಇತೊ ಹಿರೊಬುಮಿಯನ್ನು ಗುಂಡಿಟ್ಟು ಕೊಂದವನು ಅವನು. ನಾನು ಉಯಿಬ್ಯೊಂಗ್‌ನ ಅಧಿಕಾರಿ, ಇದು ಯುದ್ಧ, ನನ್ನನ್ನು ಯುದ್ಧಕೈದಿ ಅಂತ ನಡೆಸಿಕೊಳ್ಳಿ ಅನ್ನೋದು ಅವನ ವಾದ. ಜಪಾನಿನ ಕೋರ್ಟು ಒಪ್ಪಲಿಲ್ಲ, ಕೊಲೆಗಾರ ಅಂದಿತು. 1910ರ ಮಾರ್ಚ್ 26ರಂದು ಗಲ್ಲಿಗೆ ಹಾಕಿತು.

ಜಪಾನೀಯರ ಕಾಗದಪತ್ರದಲ್ಲಿ ಉಯಿಬ್ಯೊಂಗ್‌ಗೆ ಇದ್ದ ಹೆಸರೇ ಬೇರೆ. ‘ಬೊತೊ’, ಅಂದರೆ ದೊಂಬಿ ಎಬ್ಬಿಸುವವರು. ಇದಕ್ಕೆ ಕನ್ನಡ ಹುಡುಕಲು ಕಷ್ಟವೇ ಆಗಲಿಲ್ಲ, ನಮ್ಮಲ್ಲೂ ಆಳಿದವರು ಇಂಥ ಮಾತನ್ನು ಸಾಕಷ್ಟು ಬಿಟ್ಟುಹೋಗಿದ್ದಾರೆ. 1837ರಲ್ಲಿ ಸುಳ್ಯ, ಮಂಗಳೂರು ಕಡೆ ಕಂಪನಿ ಸರ್ಕಾರದ ವಿರುದ್ಧ ಎದ್ದದ್ದನ್ನು ಬಹಳ ಕಾಲ ‘ಕಲ್ಯಾಣಪ್ಪನ ಕಾಟಕಾಯಿ’ ಅಂದರು, ಕಾಟಕಾಯಿ ಅಂದರೆ ಲೂಟಿ. ಈಗ ಅದೇ ‘ಅಮರ ಸುಳ್ಯ ರೈತ ಹೋರಾಟ’. ನನ್ನ ಕಥೆಯಲ್ಲಿ ಠಾಣೆಯ ಗೋಡೆಗೆ ಅಂಟಿಸಿದ ನೋಟೀಸು ‘ಪುಂಡರು’ ಅನ್ನುತ್ತದೆ, ಹುಡುಗ ‘ದಂಡು’ ಅನ್ನುತ್ತಾನೆ. ಇಬ್ಬರೂ ಹೇಳುವುದು ಅವನ ಅಪ್ಪನನ್ನೇ.

ಇನ್ನು ಎರಡನೇ ಪ್ರಶ್ನೆ. ಇದು ಮಲೆನಾಡು, ಕೊಡಗು ಕಡೆಯವರಿಗೆ.

1907ರಲ್ಲೇ ಮೆಕೆಂಜಿ ಅನ್ನೋ ಪತ್ರಕರ್ತ ಈ ಜನರನ್ನು ಹುಡುಕಿಕೊಂಡು ಬೆಟ್ಟಕ್ಕೆ ಹೋಗಿದ್ದ. ಅವನಿಗೆ ಸಿಕ್ಕಿದ್ದು ಆರು ಹುಡುಗರು. ಬಂದೂಕು ಒಬ್ಬೊಬ್ಬರದು ಒಂದೊಂದು ಥರ, ಒಂದೂ ನೆಟ್ಟಗಿಲ್ಲ. ಅವರಲ್ಲಿ ಒಬ್ಬನ ಕೈಯಲ್ಲಿ ಮೂತಿಯಿಂದ ಮದ್ದು ತುಂಬುವ ಹಳೇ ಬೇಟೆಕೋವಿ. ಹೊಗೆಯಾಡುವ ಸಣ್ಣ ಹಗ್ಗ ತೋಳಿಗೆ ಸುತ್ತಿಕೊಂಡಿದ್ದಾನೆ. ಆ ಕಿಡಿ ಆರಿದರೆ ಕೋವಿ ಬರೀ ದೊಣ್ಣೆ. ಕೊರಿಯಾದವರು ಇದನ್ನು ‘ಬೆಂಕಿಹಗ್ಗದ ಕೋವಿ’ ಅಂತಲೇ ಕರೆಯುತ್ತಾರೆ.

ನಮ್ಮಜ್ಜನ ಮನೆಯಲ್ಲಿ ಇದ್ದದ್ದು ಕೇಪಿನ ಕೋವಿ. ತೋಟೆಕೋವಿ ಪಕ್ಕದ ಮನೆಯವರದು. ಕೇಪಿಗಿಂತ ಹಿಂದಿನ, ಬತ್ತಿಯ ಕಿಡಿಯಿಂದ ಈಡು ಹಾರಿಸುವ ಕೋವಿಗೆ ನಿಮ್ಮ ಕಡೆ ಏನನ್ನುತ್ತಿದ್ದರು? ಸದ್ಯಕ್ಕೆ ‘ಬತ್ತಿಕೋವಿ’ ಅಂತ ಬರೆದುಕೊಂಡಿದ್ದೇನೆ. ಸುಮ್ನೆ ಕಟ್ಟಿದ ಪದ, ಹಿರಿಯರ ಬಾಯಲ್ಲಿ ಬಂದದ್ದು ಸಿಕ್ಕರೆ ತಕ್ಷಣ ಹೊಡೆದುಹಾಕುತ್ತೇನೆ.

ಕೋವಿ ವಿಷಯ ಇಷ್ಟು ಎಳೆಯಲು ಕಾರಣವಿದೆ. 1907ರ ಸೆಪ್ಟೆಂಬರಿನಲ್ಲಿ ಬಂದೂಕು, ಮದ್ದುಗುಂಡಿನ ಮೇಲೆ ಕಟ್ಟುನಿಟ್ಟಿನ ಕಾನೂನು ಬಂತು. ಬೇಟೆಗಾರರು ಕೋವಿ ಒಪ್ಪಿಸಬೇಕು. ಬೇಟೆಯೇ ಬದುಕಾದವನಿಗೆ ಇದು ಉಳುವವನ ಎತ್ತು ಬಿಚ್ಚಿಕೊಂಡು ಹೋದ ಹಾಗೆ. ಹೊಂಗ್ ಬೊಮ್‌ದೊ ಅನ್ನೋ ಬೇಟೆಗಾರ ತನ್ನವರನ್ನು ಕಟ್ಟಿಕೊಂಡು ಎದ್ದ. ನವೆಂಬರಿನಲ್ಲಿ ಹುಚಿರ್‍ಯೊಂಗ್ ಕಣಿವೆದಾರಿಯಲ್ಲಿ ಜಪಾನೀಯರ ಮೇಲೆ ಬಿದ್ದ. 1920ರಲ್ಲಿ ಮಂಚೂರಿಯಾದಲ್ಲಿ ಜಪಾನೀಯರ ವಿರುದ್ಧ ನಡೆದ ಬೊಂಗೊದೊಂಗ್ ಕಾಳಗಕ್ಕೂ ಇವನೇ ಮುಂದಾಳು. ಮುಂದೆ 1937ರಲ್ಲಿ ಸ್ಟಾಲಿನ್ ಸರ್ಕಾರ ತನ್ನ ಪೂರ್ವ ಗಡಿಯ ಕೊರಿಯನ್ನರನ್ನೆಲ್ಲ ರೈಲಿಗೆ ತುಂಬಿ ಮಧ್ಯ ಏಷ್ಯಾಕ್ಕೆ ಸಾಗಿಸಿದಾಗ, ಅಷ್ಟರಲ್ಲಿ ರಷ್ಯಾ ಸೇರಿದ್ದ ಇವನೂ ಕಜಕಸ್ತಾನಕ್ಕೆ ಹೋದ, 1943ರಲ್ಲಿ ಅಲ್ಲೇ ತೀರಿಕೊಂಡ. ಅಸ್ಥಿ ಕೊರಿಯಾಕ್ಕೆ ಮರಳಿದ್ದು 2021ರಲ್ಲಿ.

ನಮ್ಮ ಹಲಗಲಿಯ ಬೇಡರು ಹತಾರ ಕೊಡೆವು ಅಂತ ಎದ್ದದ್ದು 1857ರ ನವೆಂಬರ್. ಸರಿಯಾಗಿ ಐವತ್ತು ವರ್ಷ ಮೊದಲು, ಅದೇ ತಿಂಗಳು. ಇದನ್ನು ಗಮನಿಸಿದ ದಿನ ಒಂದು ಸಾಲನ್ನೂ ಬರೆಯಲಾಗಲಿಲ್ಲ. ಈಗ ‘ಹತಾರ’ ಅನ್ನೋ ಪದವನ್ನು ಕೊರಿಯಾದ ಹುಡುಗನ ಬಾಯಿಗೆ ಹಾಕುವ ಆಸೆ. ‘ಶಸ್ತ್ರಾಸ್ತ್ರ’ ಅನ್ನೋದಕ್ಕಿಂತ ಎಷ್ಟೋ ಮೇಲು, ಅಲ್ವಾ? ಅದರ ಜೊತೆ ‘ಹುಕುಂ’ ಕೂಡ ಬರಬಹುದು. ಆದರೆ ‘ಡಫೇದಾರ’, ‘ಮಾಮಲೇದಾರ’ ಬಂದರೆ ಓದುಗ ಹಮ್‌ಗ್ಯೊಂಗ್‌ನಿಂದ ನೇರ ಮುಧೋಳಕ್ಕೆ ಬಂದು ಇಳಿಯುತ್ತಾನೆ. ವಸ್ತುವಿಗೆ ನಮ್ಮ ಪದ, ಹುದ್ದೆಗೆ ಅವರ ಪದ, ಹೀಗೊಂದು ಗೆರೆ ಎಳೆದುಕೊಂಡಿದ್ದೇನೆ. ಪೊಲೀಸನಿಗೆ ‘ಸುನ್ಸಾ’ ಅಂತಲೇ ಇಟ್ಟಿದ್ದೇನೆ. ಅಳುವ ಮಗುವಿಗೆ ‘ಸುಮ್ನಿರು, ಸುನ್ಸಾ ಬಂದ’ ಅಂತ ಹೆದರಿಸುತ್ತಿದ್ದರಂತೆ. ಇಂಥ ಒಂದು ಮಾತು ಬಂದರೆ ಅಡಿಟಿಪ್ಪಣಿ ಬೇಕಿಲ್ಲ.

ಕೊನೆಯದು ಚಿಕ್ಕದು. ಕಥೆಯ ಎರಡನೇ ಭಾಗ 1919ರ ಮಾರ್ಚ್ 1, ಜಪಾನಿನ ಆಳ್ವಿಕೆ ಬೇಡ ಅಂತ ಜನ ಬೀದಿಗಿಳಿದ ದಿನ, ಸೋಲ್ ನಗರದ ಪಗೋಡಾ ಪಾರ್ಕು. ಜನ ಎರಡೂ ಕೈ ಮೇಲೆತ್ತಿ ಕೂಗಿದ್ದು ‘ಮನ್ಸೆ’. ಹತ್ತು ಸಾವಿರ ವರ್ಷ ಬಾಳಲಿ ಅಂತ ಅರ್ಥ. ಜಪಾನೀಯರ ‘ಬನ್‌ಜಾಯ್’ ಕೂಡ ಅದೇ ಎರಡು ಅಕ್ಷರ, ಉಚ್ಚಾರ ಮಾತ್ರ ಬೇರೆ. ಆಳುವವರ ಜೈಕಾರವನ್ನೇ ಜನ ತಮ್ಮ ನುಡಿಯಲ್ಲಿ ಅವರ ಎದುರಿಗೇ ಕೂಗಿದ ಹಾಗೆ ನನಗೆ ಕೇಳಿಸುತ್ತದೆ. ‘ಜೈ’ ಅಂತ ಮಾಡಿದರೆ ಆ ಮಜಾ ಹೋಗುತ್ತದೆ. ಅದಕ್ಕೆ ಮೂಲದ್ದನ್ನೇ ಉಳಿಸೋಣ ಅಂದುಕೊಂಡೆ. ಕರಡು ಓದಿದ ಗೆಳತಿ, ‘ಇವರೆಲ್ಲ ಯಾಕೆ ಮನ್ಸೆ ಮನ್ಸೆ ಅಂತ ಹಾಡ್ತಿದ್ದಾರೆ, ಯಾರ ಮನಸ್ಸು?’ ಅಂದಳು. ಈಗ ‘ಮಾನ್ಸೆ’ ಅಂತ ದೀರ್ಘ ಕೊಟ್ಟಿದ್ದೇನೆ. ಸಾಕಾಗುತ್ತದಾ, ಇಲ್ಲ ಅದೂ ಮಾನಸಾ ಅಂತ ಕೇಳುತ್ತದಾ?

ಮುಧೋಳ, ಬೀಳಗಿ ಕಡೆಯವರು ಯಾರಾದರೂ ಇದ್ದರೆ ಇನ್ನೊಂದು ಮಾತು. ‘ಹತಾರ’ ಈಗಲೂ ಆಡುಮಾತಿನಲ್ಲಿದೆಯಾ? ಇದ್ದರೆ ಬಂದೂಕಿಗೂ ಅನ್ನುತ್ತೀರಾ, ಬರೀ ಕುಡಗೋಲು, ಕೊಡಲಿಗೆ ಮಾತ್ರವಾ?