ಐದು ಲಕ್ಷದ ಕಾರ್ಡ್ ಮನೆಮನೆಗೂ ಬಂತು, ಆರೋಗ್ಯದ ಅಂತರ ಕಡಿಮೆಯಾಯ್ತಾ?

ಗ್ರಾಮಸಭೆ_ಜಗಳೂರು ಕೇಳಿದ್ದು:

ಮುಂದಿನ ಗ್ರಾಮಸಭೆಗೆ ಆರೋಗ್ಯದ ವಿಷಯ ಸೇರಿಸಬೇಕು ಅಂತಿದ್ದೇವೆ. ಇಲಾಖೆ ಓದೋ ವರದಿಯಲ್ಲಿ ಎಲ್ಲಾ ಸರಿ ಇರುತ್ತೆ: ಹೆರಿಗೆ ಆಸ್ಪತ್ರೆಯಲ್ಲೇ ಆಗಿದೆ, ಲಸಿಕೆ ಹಾಕಿದ್ದಾರೆ, ಆಯುಷ್ಮಾನ್ ಕಾರ್ಡ್ ಕೊಟ್ಟಿದ್ದಾರೆ. ಆದರೆ ಊರೊಳಗಿನ ಮನೆಗಳಿಗೂ ತಾಂಡಾ, ಗೊಲ್ಲರಹಟ್ಟಿ, ಎಸ್‌ಸಿ ಕಾಲೊನಿಗಳಿಗೂ ಇರೋ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ. ಸರ್ಕಾರದ ಯೋಜನೆಯಿಂದ ಇಂಥ ಅಂತರ ನಿಜವಾಗಿ ಇಳಿದಿದೆ ಅನ್ನೋದಕ್ಕೆ ಗಟ್ಟಿ ಪುರಾವೆ ಇದೆಯಾ? ಸಭೆಯಲ್ಲಿ ಯಾವ ಲೆಕ್ಕ ಕೇಳಿದರೆ ನಿಜಸ್ಥಿತಿ ಹೊರಗೆ ಬರುತ್ತೆ? ತಿಳಿದವರು ಹೇಳಿ.

ದುರ್ಗದ_ಜನಾರೋಗ್ಯ:

ಪುರಾವೆ ಇದೆ, ಅದೂ ನಮ್ಮ ಎರಡು ಜಿಲ್ಲೆಗಳ ಅಂಚಿನಲ್ಲೇ. 2010ರಲ್ಲಿ ಬಿಪಿಎಲ್ ಮನೆಗಳಿಗೆ ದೊಡ್ಡ ಕಾಯಿಲೆಯ ಚಿಕಿತ್ಸೆ ಉಚಿತವಾಗಿ ಕೊಡಿಸೋ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಗುಲ್ಬರ್ಗ ವಿಭಾಗಕ್ಕೆ, ಆಮೇಲೆ ಬೆಳಗಾವಿ ವಿಭಾಗಕ್ಕೆ ಬಂತು. ದಾವಣಗೆರೆ, ಚಿತ್ರದುರ್ಗ ಬೆಂಗಳೂರು ವಿಭಾಗದಲ್ಲಿದ್ದವು, ಹಾಗಾಗಿ ಇಲ್ಲಿಗೆ ಬರಲಿಲ್ಲ. ಗುಲ್ಬರ್ಗ ವಿಭಾಗದ ಬಳ್ಳಾರಿ ಕಡೆಯ ಹಳ್ಳಿಗೆ ಯೋಜನೆ ಇತ್ತು, ಪಕ್ಕದಲ್ಲೇ ಇರೋ ಚಿತ್ರದುರ್ಗದ ಮೊಳಕಾಲ್ಮೂರಿನ ಹಳ್ಳಿಗೆ ಇರಲಿಲ್ಲ. ಮಳೆ, ಬೆಳೆ, ಕೂಲಿ ಎಲ್ಲಾ ಹೆಚ್ಚುಕಡಿಮೆ ಒಂದೇ. ಸಂಶೋಧಕರು ಆ ಗಡಿಯ ಎರಡೂ ಬದಿಯ 572 ಹಳ್ಳಿಗಳನ್ನು ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಯೋಜನೆಯಡಿ ಬರೋ ಕಾಯಿಲೆಗಳಿಂದ, ಮುಖ್ಯವಾಗಿ ಹೃದ್ರೋಗ ಮತ್ತು ಕ್ಯಾನ್ಸರ್‌ನಿಂದ, ಬಿಪಿಎಲ್ ಮನೆಗಳಲ್ಲಿ ಆದ ಸಾವು ಆ ಕಡೆ ಶೇ 0.32, ಈ ಕಡೆ ಶೇ 0.90. ಎಪಿಎಲ್ ಮನೆಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆಸ್ಪತ್ರೆ ಸೇರಿದಾಗ ಕೈಯಿಂದ ಹೋಗೋ ಖರ್ಚು ಶೇ 34ರಷ್ಟು ಇಳಿದಿತ್ತು. ನಮ್ಮವರು ಆ ಲೆಕ್ಕದಲ್ಲಿ ‘ಯೋಜನೆ ಇಲ್ಲದ ಕಡೆ’ಯವರು ಅನ್ನೋದನ್ನು ಮರೆಯಬಾರದು.

ಅದು ಫಲ ಕೊಟ್ಟದ್ದು ಬರೀ ಕಾರ್ಡಿನಿಂದಲ್ಲ. ಆಸ್ಪತ್ರೆಯವರು ಹಳ್ಳಿಗೆ ಬಂದು ಶಿಬಿರ ಮಾಡಿ ರೋಗಿಗಳನ್ನು ಹುಡುಕಿದರು. ದಾರಿ ತೋರಿಸೋಕೆ ಆರೋಗ್ಯಮಿತ್ರರು ಇದ್ದರು. ಕಾಯಿಲೆ ಇದೆ ಅಂತಲೇ ಗೊತ್ತಿಲ್ಲದ ಮನೆಗೆ ಐದು ಲಕ್ಷದ ಕಾರ್ಡಿದ್ದೂ ಇಲ್ಲದ ಹಾಗೆ.

ಇನ್ನೊಂದು ಮಗ್ಗುಲು ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಿಂದ ಐದನೇ ಸುತ್ತಿಗೆ (2019–21) ಬರುವಷ್ಟರಲ್ಲಿ ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆ ಶೇ 94ರಿಂದ 97ಕ್ಕೆ ಏರಿತು. ಅದೇ ಅವಧಿಯಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳ ರಕ್ತಹೀನತೆ ಶೇ 44.8ರಿಂದ 47.8ಕ್ಕೆ ಏರಿತು. ಹೆರಿಗೆ ಒಂದು ದಿನದ ಕೆಲಸ, 108 ಕರೆದರೆ ಆಗುತ್ತೆ. ಗರ್ಭಿಣಿಯ ರಕ್ತ ಹೆಚ್ಚಿಸೋದು 180 ದಿನದ ಕೆಲಸ: ದಿನಕ್ಕೊಂದು ಮಾತ್ರೆ, 60 ಮಿಲಿಗ್ರಾಂ ಕಬ್ಬಿಣಾಂಶ. ಹೊಟ್ಟೆ ತೊಳಸುತ್ತೆ, ಮಲ ಕಪ್ಪಾಗುತ್ತೆ, ಭಯಪಟ್ಟು ಬಿಟ್ಟುಬಿಡ್ತಾರೆ. ಊಟವಾಗಿ ಸ್ವಲ್ಪ ಹೊತ್ತಿಗೆ ತಗೊಂಡರೆ ತೊಳಸೋದು ಕಡಿಮೆ. ಟೀ ಜೊತೆ ನುಂಗಿದರೆ ಕಬ್ಬಿಣಾಂಶ ಮೈಗೆ ಹತ್ತಲ್ಲ, ನಿಂಬೆಹಣ್ಣಿನ ಪಾನಕವಾದರೆ ಒಳ್ಳೆಯದು. ಇಷ್ಟನ್ನು ಕೂತು ಹೇಳೋಕೆ ಯಾರಿಗೂ ಪುರುಸೊತ್ತಿಲ್ಲ. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಕೊಡೋ ಮಾತೃಪೂರ್ಣದ ಬಿಸಿಯೂಟವೂ ಹಾಗೇ: ಅಂಗನವಾಡಿ ಊರೊಳಗೆ, ತಾಂಡಾ ಊರಾಚೆ. ಎಂಟು ತಿಂಗಳ ಗರ್ಭಿಣಿ ಮಧ್ಯಾಹ್ನದ ಬಿಸಿಲಲ್ಲಿ ನಡೆದು ಬರೋದು ಹೇಗೆ? ಬಾಣಂತಿಯಂತೂ ಹೊಸಲು ದಾಟಲ್ಲ.

ಆದ್ದರಿಂದ ಸಭೆಯಲ್ಲಿ ‘ಎಷ್ಟು ಮಾತ್ರೆ ವಿತರಣೆ ಆಯ್ತು’ ಅಂತ ಕೇಳಬೇಡಿ. ತಾಯಿ ಕಾರ್ಡಿನಲ್ಲಿ ಮೊದಲ ತಪಾಸಣೆಯ ಹಿಮೋಗ್ಲೋಬಿನ್ ಎಷ್ಟು, ಒಂಬತ್ತನೇ ತಿಂಗಳಲ್ಲಿ ಎಷ್ಟು, ಊರು ಬೇರೆ ತಾಂಡಾ ಬೇರೆ ಮಾಡಿ ಕೇಳಿ. 7ಕ್ಕಿಂತ ಕಡಿಮೆ ಇದ್ದವರು ಎಷ್ಟು ಜನ, ಅವರನ್ನು ಎಲ್ಲಿಗೆ ಕಳಿಸಿದರು ಅನ್ನೋದು ಎರಡನೇ ಪ್ರಶ್ನೆ. ಬಾಣಂತಿ ಮನೆಗೆ ಆಶಾ 3, 7, 14, 21, 28, 42ನೇ ದಿನ ಹೋಗಬೇಕು. ಹಟ್ಟಿಗಳಲ್ಲಿ ಬಾಣಂತಿಯನ್ನು ಹೊರಗೆ ಗುಡಿಸಲಲ್ಲಿ ಇಡೋ ಪದ್ಧತಿ ಉಳಿದಿರೋ ಕಡೆ ಆ ಮೊದಲ ಮೂರು ಭೇಟಿ ಆಯ್ತಾ ಅಂತ ಹೆಸರು ಹೇಳದೆ ಎಣಿಕೆ ಮಾತ್ರ ಕೇಳಿ, ಯಾರಿಗೂ ಅವಮಾನ ಆಗಬಾರದು. ಕಬ್ಬು ಕಡಿಯೋಕೆ, ಕಾಫಿ ತೋಟಕ್ಕೆ ಗುಳೆ ಹೋದವರನ್ನು ‘ಮನೆ ಬೀಗ’ ಅಂತ ಪಟ್ಟಿಯಿಂದ ಬಿಡ್ತಾರೆ, ಅವರನ್ನೂ ಸೇರಿಸಿ ಅನ್ನಿ.

ರೆಫರಲ್_ಚೀಟಿ:

ಕಾರ್ಡಿನ ವಿಷಯ ನಾನು ಸೇರಿಸ್ತೀನಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರ) ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರು ಬರೆದುಕೊಟ್ಟ ರೆಫರಲ್ ಮೇಲೆ ನೋಂದಾಯಿತ ಖಾಸಗಿ ಆಸ್ಪತ್ರೆ. ತುರ್ತು ಪಟ್ಟಿಯಲ್ಲಿರೋ ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಬೇಡ.

ಎಡವೋದು ಇಲ್ಲೇ. ಜನ ಹೆದರಿ ನೇರ ಖಾಸಗಿಗೆ ಹೋಗಿ ಅಡ್ವಾನ್ಸ್ ಕಟ್ಟಿಬಿಡ್ತಾರೆ, ಆಮೇಲೆ ಚೀಟಿ ತಂದರೆ ಆ ಹಣ ವಾಪಸ್ ಬರೋದು ಕಷ್ಟ. ಎರಡನೆಯದು, ಹೊಸ ಸೊಸೆಯ ಹೆಸರು ತವರಿನ ರೇಷನ್ ಕಾರ್ಡಿನಲ್ಲೇ ಉಳಿದಿರುತ್ತೆ. ಕುಟುಂಬ ಅಂದರೆ ಇವರ ಲೆಕ್ಕದಲ್ಲಿ ರೇಷನ್ ಕಾರ್ಡ್. ಅಲ್ಲಿ ತೆಗೆಸಿ ಇಲ್ಲಿ ಸೇರಿಸೋ ಕೆಲಸವನ್ನು ಕಾಯಿಲೆ ಬರೋಕೆ ಮುಂಚೆ ಮಾಡಿಸಿ, ಆಧಾರ್‌ನಲ್ಲಿರೋ ಹೆಸರಿನ ಅಕ್ಷರಕ್ಕೂ ತಾಳೆ ನೋಡಿ. ಮೂರನೆಯದು, ಪ್ಯಾಕೇಜ್ ಇರೋದು ಒಳರೋಗಿಗೆ. ಬಿಪಿ, ಸಕ್ಕರೆ ಕಾಯಿಲೆಗೆ ತಿಂಗಳು ತಿಂಗಳು ನುಂಗೋ ಮಾತ್ರೆ, ಬಸ್ ಚಾರ್ಜ್, ಜೊತೆಗೆ ಬಂದವರ ಕೂಲಿ ನಷ್ಟ ಇದ್ಯಾವುದೂ ಅದರಲ್ಲಿಲ್ಲ. ಬಡವರ ಮನೆಯ ಹಣ ಸೋರೋದು ಅಲ್ಲೇ. ಪಿಎಚ್‌ಸಿಯಲ್ಲಿ ಬಿಪಿ ಮಾತ್ರೆ ಕಳೆದ ಆರು ತಿಂಗಳಲ್ಲಿ ಎಷ್ಟು ದಿನ ಖಾಲಿ ಇತ್ತು ಅಂತ ಸ್ಟಾಕ್ ಪುಸ್ತಕ ತರಿಸಿ ನೋಡಿ.

ಹೃದಯಾಘಾತಕ್ಕೆ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಸರಿಯಾದ ದಾರಿ ಅಂತ ನನ್ನ ಅಭಿಪ್ರಾಯ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ಬೇಕಾದರೆ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡ್ತಾರೆ. ದೂರ ಇರೋರಿಗೆ ಸಮಯವೇ ಜೀವ.

ಬೋರ್_ನೀರು:

ನಿಮ್ಮದು ಜಗಳೂರು ಅಂದಮೇಲೆ ಫ್ಲೋರೈಡ್ ಬಿಟ್ಟು ಮಾತಾಡೋಕಾಗಲ್ಲ. ಹಲ್ಲು ಕಂದು ಬಣ್ಣಕ್ಕೆ ತಿರುಗಿದ ಮೇಲೆ, ಬೆನ್ನು ಬಾಗಿದ ಮೇಲೆ ಯಾವ ಕಾರ್ಡೂ ಅದನ್ನು ನೆಟ್ಟಗೆ ಮಾಡಲ್ಲ. ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ.

ಶುದ್ಧ ನೀರಿನ ಘಟಕ ಇದೆ ಅಂತ ವರದಿಯಲ್ಲಿರುತ್ತೆ. ಆದರೆ ಘಟಕದವರು ತೋರಿಸೋ ಟಿಡಿಎಸ್ ಮೀಟರ್ ಫ್ಲೋರೈಡ್ ಅಳೆಯಲ್ಲ, ಒಟ್ಟು ಲವಣ ಮಾತ್ರ ಹೇಳುತ್ತೆ. ನೀರು ಸೋಸೋ ಪೊರೆ (ಮೆಂಬ್ರೇನ್) ಹಳತಾದರೆ, ಇಲ್ಲಾ ರುಚಿಗೆ ಅಂತ ಬೈಪಾಸ್ ವಾಲ್ವ್ ತಿರುವಿ ಬೋರ್ ನೀರು ಬೆರೆಸಿದರೆ, ಫ್ಲೋರೈಡ್ ಒಳಗೆ ಬರುತ್ತೆ. ಘಟಕದಿಂದ ಹೊರಹೋಗೋ ವೇಸ್ಟ್ ನೀರಿನಲ್ಲಿ ಅದು ಇನ್ನೂ ಜಾಸ್ತಿ, ಅದನ್ನು ದನದ ತೊಟ್ಟಿಗೆ ಬಿಡಬೇಡಿ. ಕಾಯಿಸಿದರೂ ಹೋಗಲ್ಲ, ಆವಿಯಾದಷ್ಟೂ ಗಟ್ಟಿಯಾಗುತ್ತೆ. ಇನ್ನು ಕ್ಯಾನ್‌ಗೆ ದುಡ್ಡು ಕೊಡಬೇಕು ಅಂತ ಬಡವರು ಕುಡಿಯೋಕೆ ಮಾತ್ರ ಅದನ್ನು ಬಳಸಿ, ಮುದ್ದೆಗೆ, ಸಾರಿಗೆ ಬೋರ್ ನೀರೇ ಹಾಕ್ತಾರೆ. ಹೀಗೆ ಊರೊಳಗಿನವರಿಗೆ ಕಡಿಮೆಯಾದ ಫ್ಲೋರೈಡ್ ಕಾಲೊನಿಯ ತಟ್ಟೆಯಲ್ಲಿ ಉಳಿಯುತ್ತೆ. ಹೊಳೆ, ಕೆರೆ ನೀರು ಪೈಪಲ್ಲಿ ಬರೋದೇ ಶಾಶ್ವತ ಪರಿಹಾರ.

ಗ್ರಾಮಸಭೆ_ಜಗಳೂರು:

ತುಂಬಾ ಉಪಕಾರ ಸರ್. ಹಿಮೋಗ್ಲೋಬಿನ್ ಪಟ್ಟಿ ಮತ್ತು ಸ್ಟಾಕ್ ಪುಸ್ತಕ ಎರಡನ್ನೂ ಲಿಖಿತವಾಗಿ ಕೇಳ್ತೀವಿ. ನೀರಿನ ಸ್ಯಾಂಪಲ್ ಹೇಗೆ ತೆಗೀಬೇಕು?

ಬೋರ್_ನೀರು:

ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿಗೆ ತಗಲುತ್ತೆ. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ಗಲಬರಿಸಿ ತುಂಬಿ. ಬೋರ್ ಐದು ನಿಮಿಷ ಓಡಿದ ಮೇಲೆ ಒಂದು, ಘಟಕದ ನಲ್ಲಿಯಿಂದ ಒಂದು, ಕಾಲೊನಿಯ ಒಂದು ಮನೆಯ ಅಡುಗೆ ಕೊಡದಿಂದ ಒಂದು. ಮೇಲೆ ಜಾಗ, ತಾರೀಖು ಬರೆದು ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬಿಗೆ ಪಿಡಿಒ ಪತ್ರದ ಜೊತೆ ಕೊಡಿ. ಜಲಜೀವನ್ ಮಿಷನ್‌ನಲ್ಲಿ ಪ್ರತಿ ಊರಿಗೆ ಐದು ಜನ ಹೆಣ್ಣುಮಕ್ಕಳಿಗೆ ಪರೀಕ್ಷಾ ಕಿಟ್ ಬಳಸೋ ತರಬೇತಿ ಕೊಡಬೇಕು ಅಂತಿದೆ. ನಿಮ್ಮೂರಲ್ಲಿ ಆ ಕಿಟ್ ಇದ್ದರೆ ಮುಗಿಯೋ ತಾರೀಖು ನೋಡಿ, ಮೂರನೇ ಬಾಟಲಿಯನ್ನ ಸಭೆಯಲ್ಲೇ ಎಲ್ಲರೆದುರು ಪರೀಕ್ಷೆ ಮಾಡಿಸಿ.